‘ಅವ್ನ ಬುದ್ಧಿನೇ ಅಷ್ಟು’ ಅಂದರೆ ಮುಗಿಯಿತೆ?

ಎರಡು ಎಕರೆ ಕಬ್ಬು ಬೆಳೆದ ರೈತ. ಕಟಾವಿಗೆ ಇನ್ನೆರಡು ತಿಂಗಳಿದೆ ಎನ್ನುವಾಗ ಐದು ರೂಪಾಯಿ ಬಡ್ಡಿಗೆ ಕೈಸಾಲ ತಂದ. ನೂರು ರೂಪಾಯಿಗೆ ತಿಂಗಳಿಗೆ ಐದು, ಅಂದರೆ ವರ್ಷಕ್ಕೆ ಶೇ. 60. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ಇತ್ತು. ಹಳೆಯದನ್ನು ಕಟ್ಟಿ ಹೊಸದಾಗಿ ಬರೆಸಿಕೊಳ್ಳುವ ಗಡುವನ್ನು ಅವನು ಮರೆತಿದ್ದ. ತಂದ ದುಡ್ಡಿನಲ್ಲಿ ಒಂದು ಪಾಲು ಮಗನ ಕಾಲೇಜು ಫೀಸಿಗೆ ಹೋಯಿತು, ಇನ್ನೊಂದು ಪಾಲು ಭಾವಮೈದನ ಮಗಳ ಮದುವೆಯ ಮುಯ್ಯಿಗೆ. ಅರಳಿಕಟ್ಟೆಯ ಮೇಲೆ ತೀರ್ಪು ಬರಲು ತಡವಾಗಲಿಲ್ಲ: “ಅವ್ನ ಬುದ್ಧಿನೇ ಅಷ್ಟು ಕನಣ್ಣ. ಕೈಲಿ ಕಾಸು ನಿಲ್ಲಾಕಿಲ್ಲ.”

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಇಂಥವನು ಒಬ್ಬನೇ ಅಲ್ಲ, ಊರೂರಲ್ಲೂ ಸಿಗುತ್ತಾನೆ. ಆ ತೀರ್ಪನ್ನೂ ನಾವೆಲ್ಲ ಕೊಟ್ಟವರೇ. ಆದರೆ ಅದನ್ನು ಸ್ವಲ್ಪ ಬಿಡಿಸಿ ನೋಡಿ. ಯಾಕೆ ಸಾಲ ಮಾಡಿದ? ದುಂದುಗಾರ, ಅದಕ್ಕೆ. ದುಂದುಗಾರ ಅಂತ ಹೇಗೆ ಗೊತ್ತಾಯಿತು? ಸಾಲ ಮಾಡಿದನಲ್ಲ! ಪ್ರಶ್ನೆಯನ್ನೇ ಉತ್ತರವಾಗಿ ತಿರುಗಿಸಿ ಹೇಳಿದ್ದು ಬಿಟ್ಟರೆ ಇಲ್ಲಿ ಹೊಸದಾಗಿ ಏನೂ ತಿಳಿಯಲಿಲ್ಲ. ಮನಶ್ಶಾಸ್ತ್ರದ ಕೆಲಸ ಶುರುವಾಗುವುದೇ ಇಂಥ ಉತ್ತರವನ್ನು ಒಪ್ಪದೆ ಇರುವುದರಿಂದ. ಕಳೆದ ನೂರು ವರ್ಷಗಳಲ್ಲಿ ಅದು ಕಂಡುಕೊಂಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ: ಒಬ್ಬನ ನಡತೆಗೆ ಕಾರಣವನ್ನು ಅವನ ಒಳಗೆ ಮಾತ್ರ ಹುಡುಕುತ್ತಾ ಕೂತರೆ ಮುಕ್ಕಾಲು ಉತ್ತರ ಹೊರಗೇ ಉಳಿದುಬಿಡುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಸಂಶೋಧನೆಗಳಲ್ಲೊಂದು ನಡೆದದ್ದು ನಮ್ಮ ಮೈಸೂರಿನಲ್ಲಿ ಎನ್ನುವುದು ಇಲ್ಲಿನವರಿಗೇ ಹೆಚ್ಚು ಗೊತ್ತಿಲ್ಲ.

ಈ ಶಾಸ್ತ್ರ ಮೈಸೂರಿಗೆ ಬಂದದ್ದು ಬೇಗ. ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿದ್ದಾಗ. ದೇಶದ ಮೊದಮೊದಲ ವಿಭಾಗಗಳಲ್ಲಿ ಅದೂ ಒಂದು. ಅದನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಮೈಸೂರಿಗರು ನೆನೆಯುವುದು ಬೇರೆ ಕಾರಣಕ್ಕೆ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಕೇಂದ್ರ ನಡೆಸಿದವರು ಅವರೇ. ಓದಿದ್ದು ಲಂಡನ್ನಿನಲ್ಲಿ, ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ. ಮನುಷ್ಯನ ಬೇರೆ ಬೇರೆ ಜಾಣ್ಮೆಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ, ಅದನ್ನು ಅಳೆಯಬಹುದು ಎಂದು ಸ್ಪಿಯರ್‌ಮನ್ 1904ರಲ್ಲೇ ವಾದಿಸಿದ್ದರು. ವಿದೇಶದ ಬುದ್ಧಿಮತ್ತೆ ಪರೀಕ್ಷೆಗಳನ್ನು ನಮ್ಮವರಿಗೆ ಹೊಂದುವಂತೆ ಮಾಡುವ ಕೆಲಸ ಮೈಸೂರಿನಲ್ಲೂ ನಡೆಯಿತು. ಅಂದಿನ ಮನಶ್ಶಾಸ್ತ್ರದ ಒಲವೇ ಹಾಗಿತ್ತು. ವ್ಯಕ್ತಿಯ ಒಳಗೆ ಏನೋ ಇದೆ, ಅದು ಬುದ್ಧಿಯೋ ಸ್ವಭಾವವೋ ಯಾವುದಾದರೂ ಆಗಲಿ, ಅಳತೆ ಸಿಕ್ಕಿಬಿಟ್ಟರೆ ಅವನು ಮುಂದೆ ಹೇಗೆ ನಡೆಯುತ್ತಾನೆಂದು ಹೇಳಬಹುದು ಎನ್ನುವ ಭರವಸೆ.

ಆ ಭರವಸೆಗೆ ಪೆಟ್ಟು ಬಿದ್ದದ್ದು 1968ರಲ್ಲಿ. ಅಮೆರಿಕದ ವಾಲ್ಟರ್ ಮಿಶೆಲ್ ಅಲ್ಲಿಯವರೆಗಿನ ವ್ಯಕ್ತಿತ್ವ ಪರೀಕ್ಷೆಗಳ ಫಲಿತಾಂಶಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದರು. ಪರೀಕ್ಷೆಯಲ್ಲಿ ಬಂದ ಸ್ವಭಾವದ ಅಂಕಕ್ಕೂ ಆ ವ್ಯಕ್ತಿ ಒಂದು ನಿರ್ದಿಷ್ಟ ಸಂದರ್ಭದಲ್ಲಿ ನಡೆದುಕೊಂಡ ರೀತಿಗೂ ಇರುವ ನಂಟು, ಪೂರ್ತಿ ಹೊಂದಿಕೆಗೆ 1 ಎಂದು ಇಟ್ಟುಕೊಂಡರೆ, ಸುಮಾರು 0.3ರಷ್ಟೇ. ಸ್ವಭಾವ ಎಂಬುದೇ ಇಲ್ಲ ಎಂದು ಇದರ ಅರ್ಥವಲ್ಲ. ಒಬ್ಬನನ್ನು ಹಲವು ದಿನ, ಹಲವು ಕಡೆ ಗಮನಿಸಿ ಸರಾಸರಿ ತೆಗೆದರೆ ಸ್ವಭಾವ ಚೆನ್ನಾಗಿಯೇ ಕಾಣುತ್ತದೆ ಎಂದು ಮುಂದೆ ಬಂದವರು ತೋರಿಸಿದರು. ಆದರೆ ‘ಇವತ್ತು ಇವನು ಹೀಗೇಕೆ ಮಾಡಿದ’ ಎನ್ನುವ ಪ್ರಶ್ನೆಗೆ ಸ್ವಭಾವವೊಂದನ್ನೇ ನೆಚ್ಚಿಕೊಂಡರೆ ಕೈ ಕೊಡುತ್ತದೆ.

1973ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಮಾಡಿದ ಪ್ರಯೋಗವನ್ನು ನೋಡಿ. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ. ಹೋಗುವ ಓಣಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದಾನೆ. ಅವನನ್ನು ಅಲ್ಲಿ ಕೂರಿಸಿದ್ದು ಸಂಶೋಧಕರೇ. ‘ಇನ್ನೂ ಸಮಯವಿದೆ’ ಎಂದು ಹೇಳಿಸಿಕೊಂಡವರಲ್ಲಿ ಶೇ. 63 ಮಂದಿ ನಿಂತು ವಿಚಾರಿಸಿದರು. ‘ಆಗಲೇ ತಡವಾಯಿತು, ಬೇಗ ಹೋಗಿ’ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇ. 10. ಭಾಷಣದ ವಿಷಯ ಯಾವುದಾಗಿತ್ತು, ಧರ್ಮದ ಬಗ್ಗೆ ಅವರ ನಿಲುವೇನು ಎಂಬುದರಿಂದ ಯಾರು ನಿಲ್ಲುತ್ತಾರೆ ಎಂದು ಹೇಳಲು ಆಗಲಿಲ್ಲ. ಕೆಲವೇ ನಿಮಿಷದ ಅವಸರ ಅದನ್ನು ಹೇಳಿತು.

ಹಾಗಿದ್ದರೂ ನೋಡಿದವರು ‘ಅವನು ನಿಲ್ಲಲಿಲ್ಲ, ಕಲ್ಲು ಮನಸ್ಸಿನವನು’ ಎನ್ನುತ್ತಾರೆಯೇ ಹೊರತು ‘ಅವನಿಗೆ ಅವಸರವಿತ್ತೇನೋ’ ಎಂದು ಕೇಳುವುದು ಕಡಿಮೆ. ಬೇರೆಯವರ ನಡತೆಗೆ ಗುಣವನ್ನು ಹೆಚ್ಚಾಗಿಯೂ ಸಂದರ್ಭವನ್ನು ಕಡಿಮೆಯಾಗಿಯೂ ಹೊಣೆ ಮಾಡುವ ಈ ಚಾಳಿಯನ್ನು ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ ಎಂದು ಕರೆದರು. ಇದು ಮನುಷ್ಯರೆಲ್ಲರಿಗೂ ಅಂಟಿಕೊಂಡೇ ಬಂದದ್ದು ಎನ್ನುವುದು ಆಗಿನ ಅಂದಾಜು.

ಆ ಅಂದಾಜನ್ನು ಪ್ರಶ್ನಿಸಿದ್ದು ಮೈಸೂರು. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಚಿಕಾಗೋ ಮತ್ತು ಮೈಸೂರು ಎರಡೂ ಕಡೆ ಒಂದೇ ಬಗೆಯ ಪ್ರಶ್ನೆ ಕೇಳಿದರು. ಫಲಿತಾಂಶ ಪ್ರಕಟವಾದದ್ದು 1984ರಲ್ಲಿ. ಕೇಳಿದ್ದು ಸರಳವಾಗಿತ್ತು. ನಿಮಗೆ ಗೊತ್ತಿರುವವರು ಇತ್ತೀಚೆಗೆ ಮಾಡಿದ ಒಂದೆರಡು ಒಳ್ಳೆಯ ಕೆಲಸ, ಒಂದೆರಡು ತಪ್ಪು ಕೆಲಸ ಹೇಳಿ. ಅವರು ಹಾಗೇಕೆ ಮಾಡಿದರು ಅಂತಲೂ ಹೇಳಿ. ಬಂದ ಉತ್ತರಗಳನ್ನು ವಿಂಗಡಿಸಿದಾಗ ಚಿಕಾಗೋದ ದೊಡ್ಡವರು ಹೆಚ್ಚಾಗಿ ಹೇಳಿದ್ದು ಗುಣ: ಅವನು ಜವಾಬ್ದಾರಿ ಇಲ್ಲದವನು, ಅವಳು ಉದಾರಿ. ಮೈಸೂರಿನ ದೊಡ್ಡವರು ಹೆಚ್ಚಾಗಿ ಹೇಳಿದ್ದು ಸಂದರ್ಭ: ಅವನಿಗೆ ಕೆಲಸವಿರಲಿಲ್ಲ, ಅವಳು ಅವರ ಚಿಕ್ಕಮ್ಮ ಆಗಬೇಕು, ಆಗ ಹಾಗಿತ್ತು ಪರಿಸ್ಥಿತಿ.

ಅದರಲ್ಲೊಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮೋಟಾರ್ ಬೈಕಿನ ಹಿಂದಿನ ಚಕ್ರ ಸಿಡಿದು ಹಿಂದೆ ಕೂತಿದ್ದವನು ಬಿದ್ದ, ತಲೆಗೆ ಪೆಟ್ಟಾಯಿತು. ಬೈಕ್ ಓಡಿಸುತ್ತಿದ್ದವನು ವಕೀಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ದೊಡ್ಡದು ಎಂದು ವೈದ್ಯರನ್ನು ಕೇಳದೆ, ಕೋರ್ಟಿನ ಕೆಲಸಕ್ಕೆ ಹೊರಟುಹೋದ. ಗಾಯಾಳು ಬದುಕಲಿಲ್ಲ. ವಕೀಲ ಹಾಗೇಕೆ ಮಾಡಿದ? ಅಮೆರಿಕದವರ ಉತ್ತರಗಳಲ್ಲಿ ಅವನು ಹೊಣೆಗೇಡಿ, ವೃತ್ತಿಯಲ್ಲಿ ಮೇಲೇರುವುದೇ ಮುಖ್ಯ ಎಂದುಕೊಂಡವನು. ಮೈಸೂರಿನವರ ಉತ್ತರಗಳಲ್ಲಿ, ಕಕ್ಷಿದಾರನ ಪರವಾಗಿ ಕೋರ್ಟಿನಲ್ಲಿ ಹಾಜರಿರುವುದು ಅವನ ಕರ್ತವ್ಯವಾಗಿತ್ತು, ಗಾಬರಿಯಲ್ಲಿ ಇದ್ದಿರಬೇಕು, ಪೆಟ್ಟು ಹೊರಗೆ ಅಷ್ಟು ದೊಡ್ಡದಾಗಿ ಕಂಡಿರಲಿಕ್ಕಿಲ್ಲ. ಇಲ್ಲಿ ಯಾರೂ ಅವನನ್ನು ಖುಲಾಸೆ ಮಾಡುತ್ತಿಲ್ಲ. ಆದದ್ದು ತಪ್ಪು ಎಂದು ಇಬ್ಬರಿಗೂ ಗೊತ್ತು. ಕಾರಣ ಹುಡುಕಲು ಕಣ್ಣು ಹೋಗುವ ದಿಕ್ಕು ಬೇರೆ, ಅಷ್ಟೆ.

ಈ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ್ದು ಮಕ್ಕಳ ಭಾಗ. ಮಿಲ್ಲರ್ 8, 11, 15 ವರ್ಷದವರನ್ನೂ ಮಾತಾಡಿಸಿದ್ದರು. 8 ವರ್ಷದ ಮಕ್ಕಳಲ್ಲಿ ಚಿಕಾಗೋಗೂ ಮೈಸೂರಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ವಯಸ್ಸು ಏರಿದಂತೆ ಅಲ್ಲಿಯ ಮಕ್ಕಳು ಗುಣದ ಕಡೆಗೂ ಇಲ್ಲಿಯ ಮಕ್ಕಳು ಸಂದರ್ಭದ ಕಡೆಗೂ ಹೊರಳಿದರು. ಅಂದರೆ ಬೇರೆಯವರನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನೇ ನಾವು ಮನೆಯಲ್ಲಿ, ಬೀದಿಯಲ್ಲಿ ಕಲಿಯುತ್ತೇವೆ. ದೊಡ್ಡವರು ‘ಪಾಪ, ಅವರ ಮನೇಲಿ ಹಿಂಗಾಗಿತ್ತಂತೆ’ ಎಂದು ಆಡಿಕೊಳ್ಳುವ ಮಾತನ್ನು ಮಗು ಕೇಳಿಸಿಕೊಳ್ಳುತ್ತಲೇ ಬೆಳೆಯುತ್ತದೆ.

ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ 1992ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನಕ್ಕೂ ಮೈಸೂರಿನವರು ಉತ್ತರ ಕೊಟ್ಟಿದ್ದರು. ಆಪ್ತ ಸ್ನೇಹಿತನ ಮದುವೆಗೆ ಉಂಗುರ ತಲುಪಿಸಬೇಕಾದವನ ಪರ್ಸ್ ಕಳುವಾಗಿದೆ, ಬೇರೆಯವರ ಕೋಟಿನಲ್ಲಿರುವ ರೈಲು ಟಿಕೆಟ್ ಕದ್ದಾದರೂ ಹೋಗಬೇಕೆ ಎಂಬಂಥ ಇಕ್ಕಟ್ಟುಗಳು. ಹೋಗಲೇಬೇಕು, ಕೊಟ್ಟ ಮಾತು ದೊಡ್ಡದು ಎಂದವರು ಮೈಸೂರಿನಲ್ಲಿ ಹೆಚ್ಚು, ಅಮೆರಿಕದಲ್ಲಿ ಕಡಿಮೆ. ಈ ಲೇಖನದ ಮೊದಲಲ್ಲಿ ಬಂದ ಮುಯ್ಯಿಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅದು ದುಂದು ವೆಚ್ಚದಂತೆ ಕಾಣುವುದಿಲ್ಲ. ತನ್ನ ಮನೆಯ ಮದುವೆಗೆ ಭಾವಮೈದನ ಮನೆಯವರು ಬರೆಸಿದ್ದನ್ನು ಆ ರೈತ ಹಿಂದಿರುಗಿಸಲೇಬೇಕಿತ್ತು. ನಾಳೆ ಅವನ ಮಗಳ ಮದುವೆಗೆ ಕೈ ಹಿಡಿಯುವವರೂ ಅವರೇ.

ಹಾಗಾದರೆ ಸಂದರ್ಭ ನೋಡುವ ಸಂಸ್ಕಾರವಿರುವ ನಮ್ಮ ಬಾಯಲ್ಲೇ ‘ಅವ್ನ ಬುದ್ಧಿನೇ ಅಷ್ಟು’ ಬರುವುದೇಕೆ? ಗುಣವನ್ನು ದೂರುವುದು ಎಲ್ಲ ಸಂಸ್ಕೃತಿಗಳಲ್ಲೂ ಇದೆ, ಸಂದರ್ಭ ಕಣ್ಣಿಗೆ ಬಿದ್ದಾಗ ಅಭಿಪ್ರಾಯ ತಿದ್ದಿಕೊಳ್ಳುವುದರಲ್ಲಿ ವ್ಯತ್ಯಾಸ ಇದೆ ಎಂದು ಮುಂದಿನ ಸಂಶೋಧನೆಗಳು ಸೂಚಿಸಿವೆ. ನನ್ನ ಅನಿಸಿಕೆಯೂ ಅದೇ. ನಮ್ಮ ಬಂಧುಬಳಗದವರ ಕಷ್ಟ ನಮಗೆ ವಿವರವಾಗಿ ಗೊತ್ತಿರುತ್ತದೆ, ಹಾಗಾಗಿ ಕಾರಣವೂ ಕಾಣುತ್ತದೆ. ಬಡತನದ ಒಳಗಿನ ಲೆಕ್ಕ ಮಾತ್ರ ಹೊರಗಿನವರಿಗೆ ಕಾಣುವುದಿಲ್ಲ, ಅನುಭವಿಸುವವನು ಹೇಳಿಕೊಳ್ಳುವುದೂ ಇಲ್ಲ.

ಆ ಲೆಕ್ಕ ತಲೆಯೊಳಗೆ ಏನು ಮಾಡುತ್ತದೆ ಎಂದು ನೋಡಲು ಕಬ್ಬಿನ ರೈತರ ಬಳಿಗೇ ಹೋದವರಿದ್ದಾರೆ. ಆನಂದಿ ಮಣಿ, ಸೆಂಥಿಲ್ ಮುಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವ್ ಸೇರಿ ಮಾಡಿದ ಈ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನಡೆದದ್ದು ತಮಿಳುನಾಡಿನಲ್ಲಿ, 54 ಹಳ್ಳಿಗಳ 464 ಕಬ್ಬು ಬೆಳೆಗಾರರ ನಡುವೆ. ಕಬ್ಬನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ದುಡ್ಡು. ಕಾರ್ಖಾನೆಯ ಬಿಲ್ ಬಂದಾಗ ಕೈ ತುಂಬ, ಮುಂದಿನ ಕಟಾವು ಹತ್ತಿರವಾಗುವ ಹೊತ್ತಿಗೆ ಕೈ ಖಾಲಿ. ಒಬ್ಬನೇ ಮನುಷ್ಯ ವರ್ಷದಲ್ಲಿ ಒಮ್ಮೆ ಬಡವ, ಒಮ್ಮೆ ಅನುಕೂಲಸ್ಥ. ಕಟಾವಿಗೆ ಮುಂಚೆ ಏನಾದರೊಂದನ್ನು ಗಿರವಿ ಇಟ್ಟಿದ್ದವರು ಶೇ. 78, ಕಟಾವಾದ ಮೇಲೆ ಶೇ. 4. ಹೀಗಾಗಿ ಬಡವರನ್ನು ಶ್ರೀಮಂತರ ಜೊತೆ ಹೋಲಿಸುವ ಗೊಂದಲವೇ ಇಲ್ಲ. ಅದೇ ರೈತನನ್ನು ಅವನ ಜೊತೆಗೇ ಹೋಲಿಸಬಹುದು.

ಪರೀಕ್ಷೆ ಎರಡು ಬಗೆಯದು. ಒಂದರಲ್ಲಿ ಚಿತ್ರಗಳ ಸಾಲಿನಲ್ಲಿ ಬಿಟ್ಟುಹೋದ ತುಂಡು ಯಾವುದು ಎಂದು ಗುರುತಿಸಬೇಕು. ಇನ್ನೊಂದನ್ನು ನೀವೇ ಮಾಡಿನೋಡಬಹುದು. 5 5 5 ಎಂದು ಬರೆದಿದೆ. ಎಷ್ಟು ಅಂಕಿಗಳಿವೆ ಎಂದು ಥಟ್ಟನೆ ಹೇಳಿ. ಉತ್ತರ ಮೂರು, ಆದರೆ ನಾಲಿಗೆಗೆ ಮೊದಲು ಬರುವುದು ಐದು. ಆ ಐದನ್ನು ತಡೆದು ಮೂರು ಅನ್ನಲು ಮನಸ್ಸಿಗೆ ಬಿಗಿ ಬೇಕು. ಹಟ ತಡೆಯುವುದಕ್ಕೂ ಗಡುವು ನೆನಪಿಟ್ಟುಕೊಳ್ಳುವುದಕ್ಕೂ ಬಡ್ಡಿ ಹೋಲಿಸಿ ನೋಡುವುದಕ್ಕೂ ಬೇಕಾಗುವುದು ಅದೇ ಬಿಗಿ. ಕಟಾವಿಗೆ ಮುಂಚೆ ರೈತರು ಎರಡರಲ್ಲೂ ಹಿಂದೆ ಬಿದ್ದರು. ದುಡ್ಡು ಕೈಗೆ ಬಂದ ಮೇಲೆ ಅದೇ ರೈತರು ಬೇಗನೆ, ಕಡಿಮೆ ತಪ್ಪಿನೊಂದಿಗೆ ಉತ್ತರಿಸಿದರು.

ಬಿಸಿಲೋ ಹಬ್ಬವೋ ಕಾರಣವಿರಬಹುದಲ್ಲ ಎಂಬ ಅನುಮಾನ ಸಹಜ. ಕಾರ್ಖಾನೆಗಳು ಎಲ್ಲರ ಕಬ್ಬನ್ನೂ ಒಟ್ಟಿಗೆ ಕಡಿಸುವುದಿಲ್ಲ, ಸರದಿಯಂತೆ ಕಡಿಸುತ್ತವೆ. ಒಂದೇ ವಾರದಲ್ಲಿ ಒಬ್ಬನ ಗದ್ದೆ ಕಟಾವಾಗಿರುತ್ತದೆ, ಪಕ್ಕದವನು ಕಾಯುತ್ತಿರುತ್ತಾನೆ. ಅದರಿಂದ ಕಾಲಮಾನದ ಪ್ರಭಾವವನ್ನು ಬೇರ್ಪಡಿಸಲು ಸಾಧ್ಯವಾಯಿತು. ಎರಡನೆಯ ಸಲ ಮಾಡಿದ್ದರಿಂದ ಅಭ್ಯಾಸವಾಗಿ ಚೆನ್ನಾಗಿ ಮಾಡಿದರೇ ಎಂದು ತಿಳಿಯಲು, ಕಟಾವಿನ ನಂತರವೇ ಮೊದಲ ಸಲ ಪರೀಕ್ಷೆಗೆ ಕೂತ ಕೆಲವರನ್ನೂ ಇಟ್ಟುಕೊಂಡಿದ್ದರು.

ಸಂಶೋಧಕರು ಕೊಡುವ ವಿವರಣೆ ಇದು. ಮನಸ್ಸಿನ ಗಮನಶಕ್ತಿಗೆ ಮಿತಿ ಇದೆ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಬಿಟ್ಟ ನೀರು ಮೇಲಿನ ತೂಬುಗಳಲ್ಲೇ ಹರಿದುಹೋದರೆ ಕೊನೆಭಾಗದ ಗದ್ದೆಗೆ ಮುಟ್ಟುವುದಿಲ್ಲ. ಆ ಗದ್ದೆಯ ಮಣ್ಣನ್ನು ಬೈದು ಫಲವಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾವುದನ್ನು ಮುಂದೂಡಬೇಕು, ನಾಳೆ ಬಾಗಿಲಿಗೆ ಬರುವವರಿಗೆ ಏನು ಹೇಳಬೇಕು ಎಂಬ ಲೆಕ್ಕವೇ ಗಮನವನ್ನೆಲ್ಲ ಹೀರಿಕೊಂಡರೆ, ಸೊಸೈಟಿಯ ಗಡುವಿಗೆ ಉಳಿಯುವುದು ಕಡಿಮೆ. ಹೀಗೆ ನೋಡಿದಾಗ ‘ಬುದ್ಧಿ ಕಡಿಮೆ, ಅದಕ್ಕೇ ಬಡತನ’ ಎನ್ನುವ ಮಾತು ತಿರುಗಿ ನಿಲ್ಲುತ್ತದೆ. ಕೈ ಖಾಲಿಯಾದ ತಿಂಗಳುಗಳಲ್ಲಿ ಎಂಥವನ ಬುದ್ಧಿಯೂ ಇಕ್ಕಟ್ಟಿಗೆ ಸಿಗುತ್ತದೆ. ಇದನ್ನು ಎಲ್ಲ ಕಡೆಗೂ ಹಾಗೇ ಅನ್ವಯಿಸಬಾರದು. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆಮುಂದೆ ಬಡ ಕುಟುಂಬದವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವಾರದ ಕೊರತೆಯೂ ವರ್ಷವಿಡೀ ಕಾದ ಕಬ್ಬಿನ ಬಿಲ್ಲೂ ಒಂದೇ ತೂಕದವಲ್ಲ ಎಂದು ನನಗನಿಸುತ್ತದೆ.

ನಾಗಮಂಗಲದ ಒಣಭೂಮಿಯ ಕಡೆ ಇನ್ನೊಂದು ‘ಹುಚ್ಚುತನ’ದ ಮಾತು ಕೇಳಿಬರುತ್ತದೆ: ಮೂರು ಬೋರ್ ಕೊರೆಸಿ ನೀರು ಬರದೆ ನಾಲ್ಕನೆಯದಕ್ಕೂ ಸಾಲ ಮಾಡುವವರು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಇದರ ಒಳಗುಟ್ಟನ್ನು ತೋರಿಸಿದರು. 3000 ಖಚಿತವಾಗಿ ಸಿಗುತ್ತದೆ, ಅಥವಾ 4000 ಸಿಗುವ ಸಾಧ್ಯತೆ ಶೇ. 80, ಯಾವುದು ಬೇಕು? ಶೇ. 80 ಜನ ಖಚಿತವಾದ 3000 ಆರಿಸಿಕೊಂಡರು. ಅದನ್ನೇ ನಷ್ಟದ ಮಾತಾಗಿ ಬದಲಿಸಿ, 3000 ಖಚಿತವಾಗಿ ಕಳೆದುಕೊಳ್ಳುತ್ತೀರಾ ಅಥವಾ 4000 ಕಳೆದುಕೊಳ್ಳುವ ಶೇ. 80ರ ಸಾಧ್ಯತೆಗೆ ಒಡ್ಡಿಕೊಳ್ಳುತ್ತೀರಾ ಎಂದಾಗ ಶೇ. 92 ಜನ ಒಡ್ಡಿಕೊಂಡರು. ಉತ್ತರಿಸಿದವರು ಇಸ್ರೇಲಿನ ವಿದ್ಯಾರ್ಥಿಗಳು, ಸಾಲಗಾರರಲ್ಲ. 2020ರಲ್ಲಿ 19 ದೇಶಗಳಲ್ಲಿ ಮತ್ತೆ ಕೇಳಿದಾಗಲೂ ಒಲವು ಬಹುಪಾಲು ಅದೇ ದಿಕ್ಕಿನಲ್ಲಿತ್ತು. ಲಾಭದ ಮುಂದೆ ಹುಷಾರಾಗಿರುವ ಮನುಷ್ಯ ನಷ್ಟದ ಮುಂದೆ ಸಾಹಸಿಯಾಗುತ್ತಾನೆ. ಮೂರು ಬೋರಿನ ದುಡ್ಡು ಹೋಯಿತು ಎಂದು ಒಪ್ಪಿಕೊಳ್ಳುವುದು ಖಚಿತ ನಷ್ಟ. ನಾಲ್ಕನೆಯದರಲ್ಲಿ ಎಲ್ಲವನ್ನೂ ವಾಪಸ್ ಪಡೆಯುವ ಒಂದು ದಾರಿ ಇದೆ.

ಇಕ್ಕಟ್ಟು ತೀರಾ ಬಿಗಿದಾಗ ಮನಸ್ಸಿಗೆ ದಾರಿಗಳೇ ಕಾಣದಂತಾಗುತ್ತವೆ. ಸಾವಿನ ಯೋಚನೆ ಬಂದವರ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಎಡ್ವಿನ್ ಶ್ನೈಡ್‌ಮನ್ ಇದನ್ನು ಮನಸ್ಸಿನ ಸಂಕೋಚನ ಎಂದು ವಿವರಿಸಿದ್ದರು. ಹತ್ತು ದಾರಿಗಳಿದ್ದ ಕಡೆ ಎರಡೇ ಕಾಣುತ್ತವೆ. ಮಂಡ್ಯದಲ್ಲಿ ರೈತರ ಸಾವಿನ ಸುದ್ದಿ ಓದುವಾಗ ಸಾಲ ಒಂದನ್ನೇ ಕಾರಣ ಮಾಡುವುದೂ, ಧೈರ್ಯವಿಲ್ಲದವನು ಎನ್ನುವುದೂ ಎರಡೂ ತಪ್ಪು. ಅಂಥ ಹೊತ್ತಿನಲ್ಲಿ ಇನ್ನೊಬ್ಬರ ದನಿ ಕೇಳಿಸಿದರೆ ಮುಚ್ಚಿದ ದಾರಿ ಕಾಣಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮನಶ್ಶಾಸ್ತ್ರ ಹೇಳಿದ್ದೆಲ್ಲ ಗಟ್ಟಿ ಎಂದು ಮಾತ್ರ ಹಿಡಿಯಬಾರದು. 2015ರಲ್ಲಿ 100 ಹಳೆಯ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂಲದಂತೆ ಸ್ಪಷ್ಟ ಫಲಿತಾಂಶ ಬಂದದ್ದು ಶೇ. 36ರಲ್ಲಿ. ಪ್ರಿನ್ಸ್‌ಟನ್ ಪ್ರಯೋಗದಲ್ಲಿದ್ದವರೂ 40 ಜನ ಮಾತ್ರ ಎಂಬುದು ನೆನಪಿರಲಿ. ಹುಟ್ಟಿನಿಂದ ಬಂದದ್ದೂ ಸುಳ್ಳಲ್ಲ. ಐವತ್ತು ವರ್ಷಗಳ ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಹಾಕಿದ 2015ರ ವಿಶ್ಲೇಷಣೆಯಲ್ಲಿ, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಸರಾಸರಿ ಶೇ. 49 ವಂಶವಾಹಿಗಳಿಗೆ ಸಂಬಂಧಿಸಿದ್ದು ಎಂದು ಬಂತು. ಆದರೆ ಅದು ಸಾವಿರಾರು ಜನರ ನಡುವಿನ ವ್ಯತ್ಯಾಸದ ಲೆಕ್ಕ. ಒಬ್ಬ ರೈತನ ಒಂದು ದಿನದ ತೀರ್ಮಾನದಲ್ಲಿ ಅರ್ಧ ಅವನ ತಂದೆತಾಯಿಯಿಂದ ಬಂತು ಎಂದು ಅದು ಹೇಳುವುದಿಲ್ಲ.

ಸಂದರ್ಭವನ್ನು ನೋಡುವುದರಿಂದ ಕೆಲಸದ ಲಾಭವೂ ಇದೆ. ಸಂದರ್ಭವನ್ನು ಬದಲಾಯಿಸಲು ಬರುತ್ತದೆ. ಪಶ್ಚಿಮ ಕೀನ್ಯಾದ ಮುಸುಕಿನ ಜೋಳದ ರೈತರಿಗೆ ಗೊಬ್ಬರದ ಉಪಯೋಗ ಗೊತ್ತಿತ್ತು, ಕೊಳ್ಳುತ್ತಿರಲಿಲ್ಲ. ಬಿತ್ತನೆಯ ಹೊತ್ತಿಗೆ ಕೈಯಲ್ಲಿ ದುಡ್ಡಿರುತ್ತಿರಲಿಲ್ಲ. ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಸುಗ್ಗಿ ಮುಗಿದ ತಕ್ಷಣ ಅವರ ಮನೆ ಬಾಗಿಲಿಗೆ ಜನ ಕಳಿಸಿದರು. ಪೂರ್ತಿ ಬೆಲೆಯನ್ನು ಈಗಲೇ ಕೊಡಿ, ಬಿತ್ತನೆಗೆ ಬೇಕಾದಾಗ ಗೊಬ್ಬರವನ್ನು ಮನೆಗೇ ತಂದುಕೊಡುತ್ತೇವೆ ಎಂದರು. ಸಾಗಣೆಯ ಖರ್ಚು ಬಿಟ್ಟರೆ ಬೇರೆ ರಿಯಾಯಿತಿ ಇಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿತ್ತನೆಯ ಸಮಯದಲ್ಲಿ ಅರ್ಧ ಬೆಲೆಗೆ ಗೊಬ್ಬರ ಕೊಟ್ಟರೆ ಎಷ್ಟು ಕೊಳ್ಳುತ್ತಿದ್ದರೋ ಹೆಚ್ಚುಕಡಿಮೆ ಅಷ್ಟೇ ಪರಿಣಾಮ ಇದರಿಂದಲೂ ಆಯಿತು.

ನಮ್ಮ ಕಡೆಗೆ ಇದನ್ನು ತಂದು ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿಸಿದ 14 ದಿನದೊಳಗೆ ರೈತನಿಗೆ ಹಣ ಸೇರಬೇಕು. ಬಾಕಿ ಉಳಿದ ಪ್ರತಿ ತಿಂಗಳೂ ಅವನ ಇಕ್ಕಟ್ಟಿನ ತಿಂಗಳಿಗೆ ಸೇರಿಕೊಳ್ಳುತ್ತದೆ. ಸೊಸೈಟಿ ಸಾಲದ ನವೀಕರಣ, ಬೆಳೆ ವಿಮೆ, ಮಕ್ಕಳ ಫೀಸು ಇವುಗಳ ಗಡುವು ಬಿಲ್ ಕೈಗೆ ಬಂದ ವಾರಕ್ಕೆ ಬೀಳುವಂತೆ ಇಟ್ಟರೆ, ನಮ್ಮ ಆ ಎರಡು ಎಕರೆಯ ರೈತ ತಲೆ ಹಗುರವಾಗಿದ್ದಾಗಲೇ ಕಾಗದಕ್ಕೆ ಸಹಿ ಹಾಕಿರುತ್ತಾನೆ.